ಹಳೇ ಅಕ್ವೇರಿಯಂ ತರುವಾಗ ಫಿಲ್ಟರ್ ತೊಳೆಯಬೇಡಿ
ಗಿಡ ನೆಟ್ಟ ಸೆಕೆಂಡ್‌ಹ್ಯಾಂಡ್ ಅಕ್ವೇರಿಯಂ ಮನೆಗೆ ತಂದ ನಾಲ್ಕೇ ದಿನಕ್ಕೆ ಮೀನುಗಳು ಸಾಯುವುದುಂಟು. ಮುಖ್ಯ ಕಾರಣ, ಫಿಲ್ಟರ್‌ನ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆದುಬಿಡುವುದು. ಮೀನಿನ ಹೊಲಸಿನಿಂದಾಗುವ ವಿಷಕಾರಿ ಅಮೋನಿಯಾವನ್ನು ಮೊದಲು ನೈಟ್ರೈಟ್, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಇರುವುದು ಆ ಸ್ಪಂಜಿನಲ್ಲೇ. ಕ್ಲೋರಿನ್ ತಾಗಿದರೂ, ಒಣಗಿದರೂ ಅವು ಸಾಯುತ್ತವೆ.

ಹಾಗಾಗಿ ಸ್ಪಂಜನ್ನೂ ಮೀನುಗಳನ್ನೂ ಟ್ಯಾಂಕ್‌ನ ಹಳೇ ನೀರಲ್ಲೇ, ಬೇರೆ ಬೇರೆ ಬಕೆಟ್‌ನಲ್ಲಿ ತನ್ನಿ. ಗಿಡಗಳನ್ನು ಒದ್ದೆ ಪೇಪರ್‌ನಲ್ಲಿ ಸುತ್ತಿಡಿ. 100 ಲೀಟರ್ ನೀರಿನ ತೂಕ 100 ಕೆ.ಜಿ.; ಟ್ಯಾಂಕ್ ಖಾಲಿ ಮಾಡದೆ ಎತ್ತಿದರೆ ಗಾಜು ಒಡೆದೀತು. ಮನೆಯಲ್ಲಿ ಸಮತಟ್ಟಾದ ಸ್ಟ್ಯಾಂಡ್ ಮೇಲಿಟ್ಟು, ಒಳಗೊಂದು ಪ್ಲೇಟ್ ಇಟ್ಟು ಅದರ ಮೇಲೆ ನಿಧಾನಕ್ಕೆ ನೀರು ಸುರಿಯಿರಿ, ಮಣ್ಣು ಕದಡುವುದಿಲ್ಲ. ನಲ್ಲಿ ನೀರಿಗೂ, ಬ್ಲೀಚಿಂಗ್ ಪೌಡರ್ ಹಾಕಿದ ಬಾವಿ ನೀರಿಗೂ ಆ್ಯಂಟಿ ಕ್ಲೋರಿನ್ ಬೇಕೇ ಬೇಕು. ಫಿಲ್ಟರ್ ಕೂಡಲೇ ಆನ್ ಮಾಡಿ. ಮೊದಲ ವಾರ ಆಹಾರ ಕಡಿಮೆ ಹಾಕಿ.