ಆಶಾ ಅಕ್ಕನ ಕೆಲಸಕ್ಕೆ ಗಂಟೆ ಎಷ್ಟು?

ಈ ಸಂಚಿಕೆಯಲ್ಲಿ ಒಂದು ಲೆಕ್ಕ ಮಾಡೋಣ. ಗಾಬರಿ ಬೇಡ, ಬರೀ ಗುಣಿಸೋದು, ಭಾಗಿಸೋದು. ಪ್ರಶ್ನೆ ಇಷ್ಟೇ: ಒಂದು ಊರಿಗೆ ಎಷ್ಟು ಜನ ಆರೋಗ್ಯ ಕಾರ್ಯಕರ್ತೆಯರು ಬೇಕು ಅಂತ ತೀರ್ಮಾನ ಮಾಡೋದು ಹೇಗೆ?

ಈಗಿರುವ ಉತ್ತರ, ತಲೆ ಎಣಿಕೆ. ಬಯಲು ಪ್ರದೇಶದಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ, ಸುಮಾರು 1,000 ಜನಕ್ಕೆ ಒಬ್ಬರು ಆಶಾ ಕಾರ್ಯಕರ್ತೆ. ಗುಡ್ಡಗಾಡು, ಆದಿವಾಸಿ ಪ್ರದೇಶಕ್ಕೆ ಇದು 20,000 ಮತ್ತು 3,000. 1946ರಲ್ಲಿ ಭೋರ್ ಸಮಿತಿ 40,000 ಜನಕ್ಕೊಂದು ಕೇಂದ್ರ ಅಂದಿತ್ತು. ಅಂಕಿ ಬದಲಾಯ್ತು, ಎಣಿಸುವ ರೀತಿ ಮಾತ್ರ ಹಾಗೇ ಉಳೀತು.

ಇದನ್ನ ಮಸಗುಪ್ಪಿಯಂಥ ಊರಿಗೆ ಹಚ್ಚಿ ನೋಡಿ. ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಊರು. ಮೂಡಲಗಿ ಹೊಸ ತಾಲ್ಲೂಕಾಗುವ ಮುಂಚೆ ಗೋಕಾಕಕ್ಕೆ ಸೇರಿತ್ತು. ಘಟಪ್ರಭೆಯ ನೀರು, ಕಬ್ಬಿನ ಬೆಳೆ. ಈ ಕಡೆ ಊರು ಅಂದ್ರೆ ಅಗಸಿ ಒಳಗಿನ ಓಣಿಗಳಷ್ಟೇ ಅಲ್ಲ. ಎಷ್ಟೋ ಮನೆತನಗಳು ಹೊಲದಲ್ಲೇ ಮನೆ ಕಟ್ಟಿಕೊಂಡು ‘ತೋಟದಾಗ’ ಇರ್ತಾವೆ. ಕಾಗದದಲ್ಲಿ ಓಣಿಯ ಬಾಣಂತಿಯೂ ಒಂದು ತಲೆ, ತೋಟದ ಬಾಣಂತಿಯೂ ಒಂದು ತಲೆ.

ಆದರೆ ಕಾಲಿಗೆ ಗೊತ್ತಾಗುತ್ತೆ ವ್ಯತ್ಯಾಸ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನ ಆಶಾ ಅಕ್ಕ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕು. ಒಟ್ಟು ಆರು ಭೇಟಿ. ತೂಕ, ಮೈಬಿಸಿ, ಹಾಲು ಕುಡಿಯೋದು, ಹೊಕ್ಕಳು ಎಲ್ಲ ನೋಡೋಕೆ ಒಂದು ಸಲಕ್ಕೆ ಅರ್ಧ ಗಂಟೆ ಅಂತ ಹಿಡಿಯೋಣ. ಓಣಿಯ ಮನೆಗೆ ಹೋಗಿಬರೋಕೆ 10 ನಿಮಿಷ, ತೋಟದ ಮನೆಗೆ 40 ನಿಮಿಷ. ಆರು ಭೇಟಿಗೆ ಓಣಿಯಲ್ಲಿ 4 ಗಂಟೆ, ತೋಟದಲ್ಲಿ 7 ಗಂಟೆ. ನಿಮಿಷಗಳು ನಾನು ಹಿಡಿದದ್ದು, ನಿಮ್ಮೂರಿನ ದಾರಿ ಹಾಕಿ ನೋಡಿಕೊಳ್ಳಿ. ಆರು ಭೇಟಿಗೆ ನಿಗದಿಯಾದ ಪ್ರೋತ್ಸಾಹಧನ ಮಾತ್ರ ನಿಜವಾದ ಅಂಕಿ: 250 ರೂಪಾಯಿ. ಎರಡೂ ಕಡೆ ಅಷ್ಟೇ. ಒಂದು ಭೇಟಿಗೆ 42 ರೂಪಾಯಿಯೂ ಪೂರ್ತಿ ಬೀಳಲ್ಲ.

ಇನ್ನು ತಲೆ ಎಣಿಕೆಗೇ ಸಿಗದವರು ಇದ್ದಾರೆ. ಹಂಗಾಮು ಶುರುವಾದರೆ ಕಬ್ಬು ಕಡಿಯೋ ಗ್ಯಾಂಗುಗಳು ಬರ್ತಾವೆ, ಹೊಲದ ಅಂಚಿನಲ್ಲಿ ಗುಡಿಸಲು ಹಾಕ್ತಾವೆ. ಅವರಲ್ಲೂ ಬಸುರಿಯರಿದ್ದಾರೆ, ಲಸಿಕೆ ಹಾಕಬೇಕಾದ ಕೂಸುಗಳಿವೆ. ಅವರ ಹೆಸರು ಇನ್ಯಾವುದೋ ಊರಿನ ಪಟ್ಟಿಯಲ್ಲಿ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಹೊಳೆದಂಡೆ ಊರುಗಳ ಜನ ಪರಿಹಾರ ಕೇಂದ್ರ ಸೇರಿದಾಗಲೂ ಹಾಗೇ. ಅಂಥ ಕೆಲಸಕ್ಕೆ ರಿಜಿಸ್ಟರಿನಲ್ಲಿ ಅಂಕಣ ಎಲ್ಲಿದೆ?

ಹಾಗಾದ್ರೆ ತಲೆ ಬಿಟ್ಟು ಕೆಲಸವನ್ನೇ ಅಳೆಯೋಕೆ ಆಗಲ್ವಾ? ಆಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ‘ವಿಸ್ನ್’ ಅನ್ನೋ ವಿಧಾನ 1998ರಿಂದ ಇದೆ, 2010ರಲ್ಲಿ ಪರಿಷ್ಕರಿಸಿದ್ರು. ಉಪಕೇಂದ್ರದ ನರ್ಸಬಾಯಿ, ಅಂದ್ರೆ ಈಗಿನ ಹೆಸರಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಅವರನ್ನೇ ತಗೊಳ್ಳಿ. ರಜೆ, ತರಬೇತಿ ಎಲ್ಲ ಕಳೆದು ವರ್ಷಕ್ಕೆ 240 ದಿನ, ದಿನಕ್ಕೆ 7 ಗಂಟೆ ಅಂದುಕೊಂಡರೆ 1,680 ಗಂಟೆ. ಒಂದು ಗರ್ಭಿಣಿ ತಪಾಸಣೆಯನ್ನ ಸರಿಯಾಗಿ ಮಾಡೋಕೆ 20 ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಬೇರೇನೂ ಮಾಡದೆ ಅದೊಂದನ್ನೇ ಮಾಡಿದ್ರೆ ವರ್ಷಕ್ಕೆ 5,040 ತಪಾಸಣೆ. ಹೀಗೇ ಲಸಿಕೆ, ಬಿಪಿ-ಶುಗರ್ ತಪಾಸಣೆ, ಮನೆ ಭೇಟಿ ಒಂದೊಂದಕ್ಕೂ ಲೆಕ್ಕ. ಮೀಟಿಂಗು, ರಿಪೋರ್ಟು, ರಿಜಿಸ್ಟರಿನಲ್ಲಿ ಬರೆದದ್ದನ್ನೇ ಮತ್ತೆ ಪೋರ್ಟಲ್‌ಗೆ ಏರಿಸೋದು, ಇವಕ್ಕೆ ಬೇರೆ ಪಾಲು. ಎಲ್ಲ ಕೂಡಿಸಿ ಎರಡೂವರೆ ಜನರ ಕೆಲಸ ಬಂತು, ಇರೋರು ಇಬ್ಬರು ಅಂದ್ರೆ 2 ಭಾಗಿಸು 2.5, ಅಂದ್ರೆ 0.8. ಒಂದಕ್ಕಿಂತ ಕಡಿಮೆ ಬಂದಷ್ಟೂ ಒತ್ತಡ ಜಾಸ್ತಿ.

ನನಗೆ ಈ ವಿಧಾನ ಇಷ್ಟ. ಆದರೆ ಇದರೊಳಗೆ ಒಂದು ಗುಂಡಿ ಇದೆ. ಕೆಲಸದ ಸಂಖ್ಯೆಯನ್ನ ಸಾಮಾನ್ಯವಾಗಿ ಹಿಂದಿನ ವರ್ಷದ ದಾಖಲೆಯಿಂದಲೇ ತೆಗೀತಾರೆ. ಸಿಬ್ಬಂದಿ ಸಾಲದೆ ನರ್ಸಬಾಯಿಗೆ ತೋಟದ ಮನೆಗಳನ್ನ ಮುಟ್ಟೋಕೇ ಆಗಲಿಲ್ಲ ಅಂದ್ರೆ ದಾಖಲೆಯಲ್ಲಿ ಭೇಟಿ ಕಡಿಮೆ. ಸೂತ್ರ ಅದನ್ನ ನೋಡಿ ‘ಇಲ್ಲಿ ಕೆಲಸ ಕಡಿಮೆ’ ಅನ್ನುತ್ತೆ! ಆದ್ದರಿಂದ ಎಷ್ಟು ಭೇಟಿ ಆಯ್ತು ಅನ್ನೋದಲ್ಲ, ಹುಟ್ಟಿದ ಮಕ್ಕಳನ್ನ ನೋಡಿ ಎಷ್ಟು ಆಗಬೇಕಿತ್ತು ಅನ್ನೋದನ್ನ ಹಾಕಬೇಕು.

ಆಶಾ ಅಕ್ಕನ ವಿಷಯಕ್ಕೆ ಬಂದರೆ ಸೂತ್ರ ಮೊದಲ ಸಾಲಿನಲ್ಲೇ ನಿಂತುಬಿಡುತ್ತೆ. ಅದು ಕೇಳೋದು ‘ವರ್ಷಕ್ಕೆ ಎಷ್ಟು ಗಂಟೆ ಕೆಲಸ?’ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಅವರನ್ನ ತಂದದ್ದು ಸ್ವಯಂಸೇವಕಿ ಅಂತ. ನೌಕರರಲ್ಲ, ಹಾಗಾಗಿ ಡ್ಯೂಟಿ ಅವಧಿ ಇಲ್ಲ, ಓವರ್‌ಟೈಮ್ ಅನ್ನೋ ಮಾತೂ ಇಲ್ಲ. ರಾತ್ರಿ ಎರಡಕ್ಕೆ ಹೆರಿಗೆ ನೋವು ಅಂತ ಫೋನ್ ಬಂದರೆ ಅದು ಯಾವ ದಿನದ ಕೆಲಸ?

2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿ ಕಳೆದು ಕೂತಿದ್ದು ನೆನಪಿರಬಹುದು. ನಾಲ್ಕನೇ ದಿನ, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡ್ತೀವಿ ಅಂತ ಮುಖ್ಯಮಂತ್ರಿ ಭರವಸೆ ಕೊಟ್ಟರು. ಆ ಹತ್ತು ಸಾವಿರ ಎಷ್ಟು ಗಂಟೆಯ ಕೆಲಸಕ್ಕೆ? ದಿನಕ್ಕೆ ಮೂರು ಗಂಟೆಗಾದರೆ ಒಂದು ಲೆಕ್ಕ, ಎಂಟು ಗಂಟೆಗಾದರೆ ಬೇರೆಯೇ ಲೆಕ್ಕ. ಎಲ್ಲರೂ ರೂಪಾಯಿ ಚರ್ಚೆ ಮಾಡಿದ್ರು, ಗಂಟೆಯನ್ನ ಯಾರೂ ಬರೆದಿಡಲಿಲ್ಲ ಅನ್ನೋದು ನನ್ನ ತಕರಾರು.

ನಿಮ್ಮ ಅವ್ವ, ಅಕ್ಕ ಅಥವಾ ಅತ್ತಿಗೆ ಆಶಾ ಆಗಿದ್ದರೆ ಒಂದು ವಾರ ಅವರ ಜೊತೆ ಕೂತು ಫೋನಿನಲ್ಲಿ ಬರೆದುಕೊಳ್ಳಿ: ಮನೆ ಬಿಟ್ಟದ್ದು ಎಷ್ಟಕ್ಕೆ, ನಡೆದದ್ದು ಎಷ್ಟು ಹೊತ್ತು, ನೆಟ್‌ವರ್ಕ್‌ಗಾಗಿ ಕಾದದ್ದು ಎಷ್ಟು, ಮರಳಿ ಬಂದದ್ದು ಎಷ್ಟಕ್ಕೆ. ಅವರು ಒಪ್ಪಿದರೆ ನಮಗೂ ಕಳಿಸಿ, ಹೆಸರು ಬೇಡ, ಊರಿನಿಂದ ತೋಟಕ್ಕೆ ಎಷ್ಟು ದೂರ ಅನ್ನೋದಿದ್ದರೆ ಸಾಕು.