ಎಸೆಯಬೇಡಿ, ಗಡ್ಡೆ ಮಲಗಿದೆ!

ಸಂಕ್ರಾಂತಿ ಹೊತ್ತಿಗೆ ಬಾಲ್ಕನಿಯ ಕುಂಡದಲ್ಲಿದ್ದ ಬಳ್ಳಿ ಎಲೆಯೆಲ್ಲ ಉದುರಿಸಿಕೊಂಡು ಒಣಗಿ ಕಡ್ಡಿಯಾಯಿತು. ಉಳಿದದ್ದು ಮಣ್ಣಿನ ಮೇಲೆ ಅರ್ಧ ಕಾಣುವ ಗಡ್ಡೆ ಮಾತ್ರ. ‘ಪಾಪ, ಬಾಯಾರಿಕೆ ಆಗಿರಬೇಕು’ ಅಂತ ದಿನಾ ಒಂದು ಚೊಂಬು ನೀರು ಹಾಕಿದೆ. ಕೆಲವೇ ವಾರಗಳಲ್ಲಿ ಗಡ್ಡೆ ಕೊಳೆತು ಮೆತ್ತಗಾಯಿತು. ನನ್ನ ಅಕ್ಕರೆಯೇ ಅದನ್ನು ಕೊಂದಿತ್ತು!

ಅದರ ಹೆಸರು ಐಪೋಮಿಯ ಬೋಲುಸಿಯಾನ. ದಕ್ಷಿಣ ಆಫ್ರಿಕಾದ ಸಸ್ಯತಜ್ಞ ಹ್ಯಾರಿ ಬೋಲಸ್ (1834–1911) ಅವರ ನೆನಪಿಗೆ ಇಟ್ಟ ಹೆಸರು. ಬೇಲಿಗೆ ಹಬ್ಬಿಸುವ ಮಾರ್ನಿಂಗ್ ಗ್ಲೋರಿ, ಹಬ್ಬಕ್ಕೆ ಬೇಯಿಸುವ ಸಿಹಿಗೆಣಸು ಎರಡೂ ಇದರ ನೆಂಟರು. ಹೂವೂ ಹಾಗೇ, ಆಲಿಕೆಯಂತೆ ಅರಳುವ ಗುಲಾಬಿ ಬಣ್ಣದ್ದು. ನೆಂಟ ಅಂತ ಗಡ್ಡೆ ಬೇಯಿಸೋಕೆ ಮಾತ್ರ ಹೋಗಬೇಡಿ, ಇದು ಅಂದಕ್ಕೆ ಬೆಳೆಸುವ ಗಿಡ.

ಇದರ ತವರು ಆಫ್ರಿಕಾದ ದಕ್ಷಿಣ ಭಾಗ. ಅಲ್ಲಿ ಮಳೆ ಬರುವುದು ಬೇಸಿಗೆಯಲ್ಲಿ. ಆಮೇಲೆ ತಿಂಗಳುಗಟ್ಟಲೆ ಒಣಹವೆ. ಹಾಗಾಗಿ ಬಳ್ಳಿ ನೀರನ್ನೂ ಆಹಾರವನ್ನೂ ನೆಲದೊಳಗಿನ ಗಡ್ಡೆಯಲ್ಲಿ ಕೂಡಿಟ್ಟು, ಮೇಲಿನದ್ದನ್ನೆಲ್ಲ ಒಣಗಲು ಬಿಡುತ್ತದೆ. ಮಳೆ ಬಂದಾಗ ಮತ್ತೆ ಚಿಗುರುತ್ತದೆ. ಕಾಡಿನಲ್ಲಿ ಮಣ್ಣಿನಡಿ ಅಡಗಿರುವ ಈ ಗಡ್ಡೆಯನ್ನು ಅರ್ಧ ಮೇಲೆತ್ತಿ ನೆಡುವುದು ನಮ್ಮ ಕಣ್ಣಿನ ಚಂದಕ್ಕೆ.

ಪೆಟ್ಟು ತಿಂದ ಮೇಲೆ ನಾನು ಕಲಿತದ್ದಿಷ್ಟು:

* ಎಲೆ ಹಳದಿಯಾಗತೊಡಗಿದರೆ ನೀರು ಕಡಿಮೆ ಮಾಡಿ. ಬಳ್ಳಿ ಪೂರ್ತಿ ಒಣಗಿದ ಮೇಲೆ ನಿಲ್ಲಿಸಿಬಿಡಿ. ಮಳೆ ತಾಗದ ಕಡೆ ಕುಂಡ ಇಡಿ.
* ಸತ್ತಿದೆಯಾ ಅಂತ ಅನುಮಾನ ಬಂದರೆ ಗಡ್ಡೆ ಒತ್ತಿ ನೋಡಿ. ಗಟ್ಟಿಯಿದ್ದರೆ ಮಲಗಿದೆ ಅಂತ. ಮೆತ್ತಗಾಗಿ ವಾಸನೆ ಬಂದರೆ ಕೊಳೆತಿದೆ.
* ಚಿಗುರು ಕಂಡ ಮೇಲೆ ಬಿಸಿಲಿಗೆ ತಂದು ನೀರು ಶುರು ಮಾಡಿ. ಮೇಲ್ಮಣ್ಣು ಒಣಗಿದ ನಂತರವೇ ಮತ್ತೆ ಹಾಕಿ.
* ಮಣ್ಣಿಗೆ ದಪ್ಪ ಮರಳು, ಇಟ್ಟಿಗೆ ಚೂರು ಧಾರಾಳವಾಗಿ ಬೆರೆಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು.
* ಕೊಳ್ಳುವಾಗ ‘ಬೀಜದಿಂದ ಬೆಳೆಸಿದ್ದಾ?’ ಅಂತ ಕೇಳಿ. ಕಾಡಿನಿಂದ ದೊಡ್ಡ ಗಡ್ಡೆ ಕಿತ್ತು ತಂದರೆ ಎಷ್ಟೋ ವರ್ಷದ ಬೆಳವಣಿಗೆ ಕಿತ್ತಂತೆ.

ಮರುವರ್ಷ ಇನ್ನೊಂದು ಗಿಡ ತಂದೆ. ಚಳಿಗಾಲದಲ್ಲಿ ಅದೂ ಬೋಳಾಯಿತು. ‘ಸತ್ತ ಗಿಡ ಯಾಕೆ ಇಟ್ಕೊಂಡಿದ್ದೀಯಾ, ಬಿಸಾಕು’ ಅಂದರು ಅತ್ತೆ. ಚೊಂಬು ಹಿಡಿಯಲು ಕೈ ತುರಿಸುತ್ತಿದ್ದರೂ ತಡೆದುಕೊಂಡೆ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಡ್ಡೆಯ ನೆತ್ತಿಯಲ್ಲಿ ಹಸಿರು ಮೊಳಕೆ! ಮೊದಲು ನೋಡಿ ನನ್ನನ್ನು ಕೂಗಿದ್ದು ಅತ್ತೆಯೇ.