‘ಬಾಲಬುಷ್ಕಾ’ ಅಂತ ಬರೆದ ಮಾತ್ರಕ್ಕೆ ಅಸಲಿ ಅಲ್ಲ: ಹಳೇ ಪೂಲ್ ಕ್ಯೂ ಕೊಳ್ಳೋ ಮುಂಚೆ ಏನು ನೋಡಬೇಕು?

ಪೂಲ್ ಟೇಬಲ್ ಮೇಲೆ ಚೆಂಡು ಹೊಡೆಯೋ ಕೋಲಿಗೆ ಕ್ಯೂ ಅಂತಾರೆ. ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಕೆಲವು ಸಾವಿರ ರೂಪಾಯಿಗೆ ಸಿಗುವ ಈ ಕೋಲು, ಮಾಡಿದವನ ಹೆಸರು ದೊಡ್ಡದಾದರೆ ಅಮೆರಿಕದಲ್ಲಿ ಸಾವಿರಾರು ಡಾಲರ್ ಬಾಳುತ್ತೆ. ಬೆಲೆ ಇದ್ದ ಕಡೆ ನಕಲಿಯೂ ಇದ್ದೇ ಇರುತ್ತೆ. ಮೊಬೈಲ್‌ನಲ್ಲೇ ವಿದೇಶದ ಹಳೇ ಮಾಲು ತರಿಸುವ ಕಾಲ ಇದು. ಹಾಗಾಗಿ ದುಡ್ಡು ಕಳಿಸೋ ಮುಂಚೆ ಒಂದಷ್ಟು ವಿಷಯ ತಿಳಿದಿರಲಿ.

ಈ ಲೋಕದಲ್ಲಿ ದೊಡ್ಡ ಹೆಸರು ಜಾರ್ಜ್ ಬಾಲಬುಷ್ಕಾ. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಹೋಗಿ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಮರಗೆಲಸ ಮಾಡಿಕೊಂಡಿದ್ದವರು. 1959ರ ಹೊತ್ತಿಗೆ ಕ್ಯೂ ಮಾಡೋಕೆ ಶುರುಮಾಡಿ 1975ರಲ್ಲಿ ತೀರಿಕೊಂಡರು. ಅಂದರೆ ಕೆಲಸ ಮಾಡಿದ್ದು ಹೆಚ್ಚುಕಮ್ಮಿ ಹದಿನಾರು ವರ್ಷ ಅಷ್ಟೇ. ಮಾಲು ಕಡಿಮೆ, ಕೇಳೋರು ಜಾಸ್ತಿ.

ಹೆಸರು ಇನ್ನಷ್ಟು ಏರಿದ್ದು 1986ರ ಹಾಲಿವುಡ್ ಸಿನಿಮಾ ‘ದಿ ಕಲರ್ ಆಫ್ ಮನಿ’ಯಿಂದ. ಅದರಲ್ಲಿ ಟಾಮ್ ಕ್ರೂಸ್ ಕೈಗೆ ಬರುವ ಬಾಲಬುಷ್ಕಾ ಕ್ಯೂ ನಿಜವಾಗಿ ಬಾಲಬುಷ್ಕಾ ಅಲ್ಲವೇ ಅಲ್ಲ, ಜಾಸ್ ಕಂಪನಿಯ ಕ್ಯೂ! ಅವರು ತೀರಿಕೊಂಡ ಮೇಲೆ ಅದೇ ಹೆಸರಲ್ಲಿ ಕಾರ್ಖಾನೆ ಕ್ಯೂಗಳೂ ಮಾರುಕಟ್ಟೆಗೆ ಬಂದವು. ಅವು ಕಾನೂನುಬದ್ಧ ಮಾಲೇ, ಆದರೆ ಬಾಲಬುಷ್ಕಾ ಕೈಯಿಂದ ಆದದ್ದಲ್ಲ. ಮಾರುವವನು ಇದನ್ನು ಬಾಯಿ ಬಿಟ್ಟು ಹೇಳದೆ ಹೋದರೆ ಕೊಳ್ಳೋನ ಜೇಬಿಗೆ ಕತ್ತರಿ.

ಹಾಗಾದರೆ ಮರ ನೋಡಿ ಗುರುತು ಹಿಡಿಯಬಹುದಾ? ಅಲ್ಲೇ ಇರೋದು ತೊಡಕು. ಶುರುವಿನಲ್ಲಿ ಬಾಲಬುಷ್ಕಾ ಬಳಸುತ್ತಿದ್ದದ್ದು ಬ್ರನ್ಸ್‌ವಿಕ್ ಕಂಪನಿಯ ‘ಟೈಟ್ಲಿಸ್ಟ್’ ಕೋಲು. ಆಮೇಲೆ ಬರ್ಟನ್ ಸ್ಪೇನ್, ಗಸ್ ಜಾಂಬೋಟಿ ಮಾಡಿಕೊಟ್ಟ ಹಿಡಿ ಮರಗಳು. ಟೈಟ್ಲಿಸ್ಟ್ ಅಂದರೆ ಪೂಲ್ ಹಾಲ್‌ಗಳಲ್ಲಿ ಇಡುತ್ತಿದ್ದ ಸಾದಾ ಕೋಲು. ಅಂಥದ್ದೊಂದು ಹಳೇ ಕೋಲು ಸಿಕ್ಕರೆ ಯಾರು ಬೇಕಾದರೂ ಕತ್ತರಿಸಿ, ನಡುವೆ ಸ್ಟೀಲ್ ಜಾಯಿಂಟ್ ಕೂರಿಸಿ, ಹಿಡಿಗೆ ಐರಿಶ್ ಲಿನನ್ ದಾರ ಸುತ್ತಬಹುದು. ಮರ ಹಳೇದೇ, ಕೋಲು ಮಾತ್ರ ಖೋಟಾ. ಸೀರಿಯಲ್ ನಂಬರ್ ನೋಡೋಣ ಅಂದರೆ ಬಾಲಬುಷ್ಕಾ ಅದನ್ನು ಹಾಕುತ್ತಲೇ ಇರಲಿಲ್ಲ.

ಹೀಗಾಗಿ ಬೆಲೆ ನಿಲ್ಲೋದು ಕೋಲಿನ ಜಾತಕದ ಮೇಲೆ. ಮೊದಲು ಕೊಂಡವರು ಯಾರು, ಯಾರ ಕೈಯಿಂದ ಯಾರ ಕೈಗೆ ಬಂತು, ಹಳೇ ಫೋಟೋ, ಚೀಟಿ, ಪತ್ರ ಇದೆಯಾ, ಆ ತಯಾರಕನ ಕೆಲಸ ಬಲ್ಲ ಪರಿಣತರು ಕೈಯಲ್ಲಿ ಹಿಡಿದು ನೋಡಿದ್ದಾರಾ? ಇದ್ಯಾವುದೂ ಇಲ್ಲದೆ ‘ತಾತನ ಕಾಲದ್ದು ಸಾರ್’ ಅನ್ನೋ ಮಾತಿಗೆ ಬೆಲೆ ಕಟ್ಟಬೇಡಿ.

ಸಾಮಾನ್ಯ ಹಳೇ ಕ್ಯೂ ಆದರೆ ಒಂದು ಭೂತಗನ್ನಡಿ ಸಾಕು. ಹಿಡಿಯ ಮೇಲಿನ ಚೂಪು ವಿನ್ಯಾಸ ಬರೀ ಸ್ಟಿಕ್ಕರ್ ಆಗಿದ್ದರೆ ಮುದ್ರಣದ ಚುಕ್ಕೆ ಕಾಣುತ್ತೆ. ನಿಜವಾದ ಮರ ಕೂಡಿಸಿದ್ದರೆ ಎಳೆ ಬದಲಾಗೋದು ಕಾಣುತ್ತೆ. ತುದಿ ಸೂಜಿಯಂತೆ ಚೂಪಾಗಿದ್ದರೆ ಹಳೇ ಪದ್ಧತಿಯ ಜೋಡಣೆ ಇರಬಹುದು, ಗುಂಡಗಿದ್ದರೆ ಯಂತ್ರದಲ್ಲಿ ಕೊರೆದು ಕೂರಿಸಿದ್ದು. ಆದರೆ ನಮ್ಮ ಪಾರ್ಲರ್‌ಗಳ ಸ್ನೂಕರ್ ಕ್ಯೂಗೆ ಲೆಕ್ಕ ಉಲ್ಟಾ. ಅಲ್ಲಿ ಗರಗಸದ ಹಲ್ಲಿನಂಥ ಚೂಪು ಯಂತ್ರದ್ದು, ದುಂಡನೆಯ ಬಳುಕು ಕೈಕೆಲಸದ್ದು. ಎರಡನ್ನೂ ಒಂದೇ ಅಳತೆಗೋಲಲ್ಲಿ ನೋಡಿ ಮೋಸ ಹೋಗೋದು ಸುಲಭ.

ಪಾಲಿಶ್ ಮಾಡಿಸಿ ಹೊಸದರಂತೆ ಹೊಳೆಯೋ ಹಳೇ ಕ್ಯೂಗೆ ಸಾಮಾನ್ಯವಾಗಿ ಬೆಲೆ ಕಡಿಮೆ. ಮೂಲ ಮುಂಗೋಲು (ಶಾಫ್ಟ್) ಜೊತೆಗಿದ್ದರೆ ಜಾಸ್ತಿ. ಉಜ್ಜಿ ಉಜ್ಜಿ ಅದು ಸಣ್ಣಗಾಗಿದೆಯಾ ನೋಡಿ, ತುದಿಯ ದಪ್ಪ ಸುಮಾರು 13 ಮಿಲಿಮೀಟರ್ ಇರೋದು ವಾಡಿಕೆ. ಸೊಟ್ಟ ಇದೆಯಾ ಅಂತ ತಿಳಿಯಲು ಎರಡು ಭಾಗ ಬಿಚ್ಚಿ, ಒಂದೊಂದನ್ನೇ ಮಟ್ಟಸ ಟೇಬಲ್ ಮೇಲೆ ಉರುಳಿಸಬೇಕು.

ಕೊನೆಯದಾಗಿ ಕಾನೂನಿನ ತಲೆನೋವು. ಹಳೇ ದುಬಾರಿ ಕ್ಯೂಗಳ ಜಾಯಿಂಟ್‌ನಲ್ಲಿ, ತುದಿಯ ಬಿಳಿ ಬಳೆಯಲ್ಲಿ ಆನೆದಂತ ಇರೋದುಂಟು. ಅಮೆರಿಕದಲ್ಲಿ 2016ರಿಂದ ಆಫ್ರಿಕಾದ ಆನೆದಂತದ ವ್ಯಾಪಾರಕ್ಕೆ ಬಹುತೇಕ ತಡೆ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ದಂತದ ವ್ಯಾಪಾರವೇ ಅಪರಾಧ. ಕ್ಯೂ ಅಸಲಿಯೇ ಆಗಿದ್ದರೂ ಪಾರ್ಸೆಲ್ ಕಸ್ಟಮ್ಸ್‌ನಲ್ಲೇ ಸಿಕ್ಕಿಬೀಳಬಹುದು. ಬಿಳಿ ಭಾಗ ಪ್ಲಾಸ್ಟಿಕ್ಕಾ, ದಂತವಾ ಅಂತ ಮಾರುವವರಿಂದ ಬರವಣಿಗೆಯಲ್ಲೇ ಕೇಳಿ ಪಡೆಯಿರಿ.